ಕೇಳುವವರ ಹೊಣೆ: ಸರ್ಕಾರಿ ದತ್ತಾಂಶದ ಬೇಡಿಕೆ ನಿರ್ವಹಣೆ, ಸೇಲಂ–ಧರ್ಮಪುರಿಯ ಹಿನ್ನೆಲೆಯಲ್ಲಿ

ಸರ್ಕಾರದಲ್ಲಿ ಅಂಕಿಅಂಶ ಕಲೆಹಾಕುವವರಿಗೆ ಇಲಾಖೆ ಇದೆ, ಹುದ್ದೆ ಇದೆ, ಕಾಯ್ದೆ ಇದೆ. ಅಂಕಿಅಂಶ ಕೇಳುವವರ ಕಡೆಯ ಕೆಲಸ ನೋಡಿಕೊಳ್ಳುವವರು ಮಾತ್ರ ಬಹಳ ಕಡಿಮೆ. ಯಾರಿಗೆ ಯಾವ ಮಾಹಿತಿ ಬೇಕು, ಯಾವ ತೀರ್ಮಾನಕ್ಕೆ ಬೇಕು, ಎಷ್ಟರೊಳಗೆ ಬೇಕು, ಅದು ಆಗಲೇ ಇನ್ನೊಂದು ಕಚೇರಿಯ ಕಡತದಲ್ಲಿ ಇದೆಯೇ, ಇಲ್ಲದಿದ್ದರೆ ಯಾರಿಂದ ಮಾಡಿಸಬೇಕು, ಹತ್ತು ಬೇಡಿಕೆ ಒಟ್ಟಿಗೆ ಬಂದರೆ ಯಾವುದು ಮೊದಲು ಎಂಬ ಪ್ರಶ್ನೆಗಳಿಗೆ ಉತ್ತರ ಕಂಡುಕೊಂಡು, ಕೇಳುವ ಇಲಾಖೆಗೂ ಒದಗಿಸುವ ಇಲಾಖೆಗೂ ನಡುವೆ ನಿಲ್ಲುವುದೇ ದತ್ತಾಂಶ ಸೇವೆಗಳ ಬೇಡಿಕೆ ನಿರ್ವಹಣೆ; ಈ ವಿಚಾರ ಸಂಕಿರಣದ ವಿಷಯವೂ ಅದೇ. ಇದನ್ನು ಗುಮಾಸ್ತರ ಮಟ್ಟದ ಕೆಲಸವೆಂದು ಬಿಡುವುದು ತಪ್ಪು. ಆಡಳಿತದ ಅಂಕಿಅಂಶಗಳ ಗುಣ ಬಹುಮಟ್ಟಿಗೆ ಕೇಳಿದ ಪ್ರಶ್ನೆಯ ಗುಣವನ್ನೇ ಅವಲಂಬಿಸಿರುವುದರಿಂದ, ಪ್ರಶ್ನೆಯ ಹೊಣೆ ಹೊರಲು ಹಿರಿಯ ಅಧಿಕಾರಿಯೇ ಬೇಕು. ತಮಿಳುನಾಡಿನ ಸೇಲಂ ಮತ್ತು ಧರ್ಮಪುರಿ ಜಿಲ್ಲೆಗಳ ಇನ್ನೂರಮೂವತ್ತಕ್ಕೂ ಹೆಚ್ಚು ವರ್ಷಗಳ ದಾಖಲೆ ಇದನ್ನು ಸ್ಪಷ್ಟವಾಗಿ ತೋರಿಸುತ್ತದೆ.

1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಸುಲ್ತಾನ್ ಬಿಟ್ಟುಕೊಟ್ಟ ಪ್ರದೇಶಗಳಲ್ಲಿ ಧರ್ಮಪುರಿ ಸೀಮೆಯನ್ನು ಒಳಗೊಂಡ ಬಾರಾಮಹಲ್ ಮತ್ತು ಸೇಲಂ ಸೇರಿದ್ದವು. ಅವುಗಳ ಆಡಳಿತಕ್ಕೆ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ನೇಮಿಸಿದ್ದು ಸೇನೆಯ ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್ ಅವರನ್ನು. ಅವರ ಸಹಾಯಕರಾಗಿ ಥಾಮಸ್ ಮನ್ರೋ, ಮೆಕ್ಲಿಯಾಡ್, ಗ್ರಹಾಂ ಇದ್ದರು. ರೀಡ್ ತಿರುಪ್ಪತ್ತೂರಿನಲ್ಲಿ ನೆಲೆಸಿದರೆ, ಮನ್ರೋ ಧರ್ಮಪುರಿಯಲ್ಲಿದ್ದು ಕೆಲಸ ಮಾಡಿದರು. ಹಳ್ಳಿಯ ಲೆಕ್ಕವನ್ನು ಬಹುಕಾಲದಿಂದ ಇಟ್ಟುಕೊಂಡು ಬಂದಿದ್ದ ಕರಣಂ, ಶ್ಯಾನುಭೋಗರ ಕಡತಗಳನ್ನಷ್ಟೇ ನೆಚ್ಚಿಕೊಳ್ಳದೆ ರೀಡ್ ಮತ್ತು ಸಹಾಯಕರು ಹೊಲ ಹೊಲ ಅಳೆಸಿದರು. ಜನ, ಬೆಳೆ, ಆಸ್ತಿ, ಭೂಕಂದಾಯ, ಸುಂಕ ಎಂದು ವಿಷಯವಾರು ವಿಂಗಡಿಸಿ ವಿವರ ತರಿಸಿದರು. ಆ ಕಾಗದಪತ್ರಗಳನ್ನು ಮದ್ರಾಸ್ ಸರ್ಕಾರ 1907ರಿಂದ ‘ಬಾರಾಮಹಲ್ ರೆಕಾರ್ಡ್ಸ್’ ಎಂಬ ಹೆಸರಿನಲ್ಲಿ ಸಂಪುಟಗಳಾಗಿ ಅಚ್ಚು ಹಾಕಿಸಿತು. ಕೇಳುವವರೂ ಕಲೆಹಾಕಿಸುವವರೂ ಬಳಸುವವರೂ ಒಬ್ಬರೇ ಆಗಿದ್ದುದರಿಂದ ಅಲ್ಲಿ ಪ್ರಶ್ನೆಗೂ ಉತ್ತರಕ್ಕೂ ನಡುವೆ ಅಂತರವಿರಲಿಲ್ಲ. ಅಳತೆಯ ಲೆಕ್ಕ ನೇರವಾಗಿ ತೀರ್ಮಾನಕ್ಕೆ ಬಂತು. ರೈತ ಪ್ರತಿವರ್ಷ ತನಗೆ ಬೇಕಾದ ಹೊಲ ಇಟ್ಟುಕೊಂಡು ಬೇಡವಾದದ್ದನ್ನು ಬಿಡಬಹುದೆಂಬ ವ್ಯವಸ್ಥೆಯನ್ನು ರೀಡ್ 1796ರಲ್ಲಿ ಪ್ರಕಟಿಸಿದರು. ಇಲ್ಲಿ ಪಳಗಿದ ಮನ್ರೋ 1799ರಲ್ಲಿ ಕೆನರಾಕ್ಕೆ, ಮರುವರ್ಷ ಬಳ್ಳಾರಿಯನ್ನು ಒಳಗೊಂಡ ಸೀಡೆಡ್ ಜಿಲ್ಲೆಗಳಿಗೆ ಹೋದರು; ಹೀಗೆ ರೈತನಿಂದ ನೇರವಾಗಿ ಕಂದಾಯ ಪಡೆಯುವ ರೈತವಾರಿ ಪದ್ಧತಿ ಕನ್ನಡ ನಾಡಿನ ಹಳ್ಳಿಗಳಿಗೂ ತಲುಪಿತು.

ಆ ಬೃಹತ್ ಕೆಲಸಕ್ಕೆ ಒಂದು ಮಿತಿಯೂ ಇತ್ತು. ಎಲ್ಲ ಪ್ರಶ್ನೆಗಳ ತುದಿಯಲ್ಲಿದ್ದುದು ಕಂದಾಯ. ಹೊಲ ಎಷ್ಟು ಕೊಡಬಲ್ಲದು ಎಂಬುದಕ್ಕೆ ಪಟ್ಟಿ ಸಿದ್ಧವಾಯಿತು. ಮಳೆ ಹೋದ ವರ್ಷ ಆ ಹೊಲದ ಕುಟುಂಬ ಏನು ಉಣ್ಣುತ್ತದೆ ಎಂಬುದನ್ನು ನಿಯಮಿತವಾಗಿ ಕೇಳುವ ಕಚೇರಿ ಹುಟ್ಟಲಿಲ್ಲ. 1876–78ರ ಬರ ಬಂದಾಗ ಅದರ ಬೆಲೆ ತಿಳಿಯಿತು. 1871ರ ಗಣತಿಯಲ್ಲಿ ಸುಮಾರು 19.67 ಲಕ್ಷ ಇದ್ದ ಸೇಲಂ ಜಿಲ್ಲೆಯ ಜನಸಂಖ್ಯೆ 1881ರಲ್ಲಿ ಸುಮಾರು 16 ಲಕ್ಷಕ್ಕೆ ಇಳಿದಿತ್ತು. ಬರದ ಬಳಿಕವೇ, 1880ರ ಕ್ಷಾಮ ಆಯೋಗ ಪ್ರತಿ ಪ್ರಾಂತ್ಯದಲ್ಲೂ ಕೃಷಿ ಇಲಾಖೆ ಇರಬೇಕು, ಬೆಳೆಯ ಅಂಕಿಅಂಶ ಸರಿಯಾಗಿ ಸೇರಿಸುವುದು ಅದರ ಮೊದಲ ಕೆಲಸಗಳಲ್ಲೊಂದಾಗಬೇಕು ಎಂದು ಶಿಫಾರಸು ಮಾಡಿತು. 1883ರಲ್ಲಿ ಕ್ಷಾಮ ಸಂಹಿತೆ ಬಂತು. ಮಳೆ, ಧಾನ್ಯದ ಬೆಲೆ, ಜನರ ಗುಳೆ ಮುಂತಾದ ಲಕ್ಷಣಗಳನ್ನು ಗಮನಿಸಿ ಮೇಲಕ್ಕೆ ತಿಳಿಸುವ ಪದ್ಧತಿ ರೂಢಿಗೆ ಬಂತು. ಸರಿಯಾದ ಪ್ರಶ್ನೆಯನ್ನು ಮೊದಲೇ ಕೇಳಿಡುವುದು ಜೀವ ಉಳಿಸುವ ಕೆಲಸ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಇಂದು ಈ ಜಿಲ್ಲೆಗಳಲ್ಲಿ ಕೇಳುವವರಿಗೆ ಬರವಿಲ್ಲ. ಕಲೆಕ್ಟರ್ ಕಚೇರಿ, ಅರ್ಥಶಾಸ್ತ್ರ ಮತ್ತು ಸಂಖ್ಯಾಶಾಸ್ತ್ರ ಇಲಾಖೆ, ಕೃಷಿ, ಆರೋಗ್ಯ, ಕುಡಿಯುವ ನೀರು, ವಿದ್ಯುತ್, ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಜಿಲ್ಲಾ ಘಟಕ, ಚೆನ್ನೈನ ಇ-ಆಡಳಿತ ಸಂಸ್ಥೆ, ದೆಹಲಿಯ ಸಚಿವಾಲಯಗಳು, ಮಾಹಿತಿ ಹಕ್ಕಿನಡಿ ಅರ್ಜಿ ಹಾಕುವ ಸಾರ್ವಜನಿಕರು, ಹೀಗೆ ಪಟ್ಟಿ ಉದ್ದವಾಗುತ್ತದೆ. ಇವೆಲ್ಲ ಕೊನೆಗೆ ಬಂದು ಮುಟ್ಟುವುದು ಹಳ್ಳಿಯ ವಿಎಓ, ಅಂದರೆ ಗ್ರಾಮ ಆಡಳಿತ ಅಧಿಕಾರಿಯ ಮೇಜಿಗೆ. ವಂಶಪಾರಂಪರ್ಯದ ಕರಣಂ, ಮುನ್ಸೀಫ್ ಹುದ್ದೆಗಳನ್ನು 1980ರಲ್ಲಿ ರದ್ದು ಮಾಡಿದ ಮೇಲೆ ಬಂದ ಹುದ್ದೆ ಅದು. ಧರ್ಮಪುರಿಯ ಒಣ ಹೋಬಳಿಯ ಒಂದು ತೆರೆದ ಬಾವಿಯನ್ನೇ ನೋಡಬಹುದು. ಕಂದಾಯ ಇಲಾಖೆಗೆ ಅದು ಹಳ್ಳಿಯ ಬೆಳೆ ದಾಖಲೆಯಾದ ಅಡಂಗಲ್‌ನಲ್ಲಿ ಬರೆಯಬೇಕಾದ ನೀರಾವರಿ ಮೂಲ, ಕೃಷಿ ಇಲಾಖೆಗೆ ಬಾವಿ ಕೆಳಗಿನ ಬೆಳೆ ವಿಸ್ತೀರ್ಣ, ವಿದ್ಯುತ್ ಇಲಾಖೆಗೆ ಪಂಪ್‌ಸೆಟ್ ಸಂಪರ್ಕ, ಅಂತರ್ಜಲದವರಿಗೆ ನೀರಿನ ಮಟ್ಟ. ನಾಲ್ವರೂ ಬೇರೆ ಬೇರೆ ನಮೂನೆ ಕಳಿಸುತ್ತಾರೆ. 2017–18ನ್ನು ಆಧಾರ ವರ್ಷವಾಗಿ ಇಟ್ಟುಕೊಂಡ ಆರನೇ ಸಣ್ಣ ನೀರಾವರಿ ಗಣತಿಯಲ್ಲಿ ಬಾವಿಗಳ ಲೆಕ್ಕ ಆಗಲೇ ಬಂದಿದೆ ಎಂಬುದು ಕೇಳುವವರಲ್ಲಿ ಎಷ್ಟೋ ಜನರ ಗಮನದಲ್ಲಿರುವುದಿಲ್ಲ. ಬೇಡಿಕೆಗಳಿಗೆ ಒಂದೇ ಬಾಗಿಲು, ಒಂದೇ ದಾಖಲೆ ಪುಸ್ತಕ ಇದ್ದರೆ ನಾಲ್ಕು ನಮೂನೆಗಳಲ್ಲಿ ಮೂರು ಬೇಕಾಗುವುದಿಲ್ಲ. ಉಳಿದ ಒಂದನ್ನು ಎಚ್ಚರಿಕೆಯಿಂದ ತುಂಬಲು ಸಮಯ ಸಿಗುತ್ತದೆ.

ಇಂಥ ಬಾಗಿಲು ಕಾಯುವ ಬೇಡಿಕೆ ನಿರ್ವಾಹಕರ ಹುದ್ದೆಯ ಮೊದಲ ಕೆಲಸ ಪ್ರಶ್ನೆಯನ್ನು ಖಚಿತ ಮಾಡಿಸುವುದು. ಎಲ್ಲಿ, ಯಾವಾಗ, ಯಾವ ಮಾನದಲ್ಲಿ ಎಂದು ಹೇಳದ ಬೇಡಿಕೆ ಬೇಡಿಕೆಯೇ ಅಲ್ಲ. ಇದಕ್ಕೆ ಕನ್ನಡಿಗರಿಗೂ ತಮಿಳರಿಗೂ ಚೆನ್ನಾಗಿ ತಿಳಿದ ನಿದರ್ಶನ ಕಾವೇರಿ. 1934ರಲ್ಲಿ ಪೂರ್ಣಗೊಂಡ ಮೆಟ್ಟೂರು ಅಣೆಕಟ್ಟು ಸೇಲಂ ಜಿಲ್ಲೆಯಲ್ಲಿದೆ. ಧರ್ಮಪುರಿಯ ಹೊಗೇನಕಲ್‌ಗೆ ಮೇಲ್ಗಡೆ, ರಾಜ್ಯಗಳ ಗಡಿಯಲ್ಲಿ, ಬಿಳಿಗುಂಡ್ಲುವಿನಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರವಿದೆ. ಕಾವೇರಿ ನ್ಯಾಯಮಂಡಳಿಯ 1991ರ ಮಧ್ಯಂತರ ಆದೇಶದ 205 ಟಿಎಂಸಿ ಮೆಟ್ಟೂರಿಗೆ ಬಂದು ಸೇರಬೇಕಾದ ನೀರಿನ ಲೆಕ್ಕ. 2007ರ ಅಂತಿಮ ತೀರ್ಪಿನ 192 ಟಿಎಂಸಿ, 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಇಳಿಸಿದ 177.25 ಟಿಎಂಸಿ, ಎರಡೂ ಬಿಳಿಗುಂಡ್ಲುವಿನಲ್ಲಿ ಅಳೆಯಬೇಕಾದವು. ಎರಡು ಜಾಗಗಳ ನಡುವೆ ಬೀಳುವ ಮಳೆ, ಸೇರುವ ಹಳ್ಳಗಳ ನೀರು ಮೆಟ್ಟೂರಿನ ಲೆಕ್ಕದಲ್ಲಿ ಬರುತ್ತದೆ, ಬಿಳಿಗುಂಡ್ಲುವಿನ ಲೆಕ್ಕದಲ್ಲಿ ಬರುವುದಿಲ್ಲ. ಆದ್ದರಿಂದ 205 ಮತ್ತು 192ನ್ನು ಸುಮ್ಮನೆ ಕಳೆದು ನೋಡುವಂತಿಲ್ಲ. ದಿನದ ಹರಿವು ಕ್ಯೂಸೆಕ್‌ನಲ್ಲಿ, ವರ್ಷದ ಪಾಲು ಟಿಎಂಸಿಯಲ್ಲಿ. ಒಂದು ಟಿಎಂಸಿ ಆಗಬೇಕಾದರೆ ಇಡೀ ದಿನ ಸುಮಾರು 11,574 ಕ್ಯೂಸೆಕ್ ಹರಿಯಬೇಕು. ಜಲವರ್ಷ ಜೂನ್ 1ಕ್ಕೆ, ಕಂದಾಯದ ಪಸಲಿ ವರ್ಷ ಜುಲೈ 1ಕ್ಕೆ, ಹಣಕಾಸಿನ ವರ್ಷ ಏಪ್ರಿಲ್ 1ಕ್ಕೆ ಶುರು. ನೀರು, ಬೆಳೆ, ಖರ್ಚು ಮೂರನ್ನೂ ಒಂದೇ ಪಟ್ಟಿಯಲ್ಲಿ ಕೇಳುವ ಅಧಿಕಾರಿಗೆ ಈ ವ್ಯತ್ಯಾಸ ಮೊದಲೇ ಹೇಳಬೇಕಾದವರು ಬೇಡಿಕೆ ನಿರ್ವಾಹಕರು.

ಎರಡನೆಯ ಕೆಲಸ, ಇರುವ ಮಾಹಿತಿ ಕೇಳಿದ ಪ್ರಶ್ನೆಗೆ ಒಪ್ಪುತ್ತದೆಯೇ ಎಂದು ಪರೀಕ್ಷಿಸುವುದು. ಧರ್ಮಪುರಿ 1965ರ ಅಕ್ಟೋಬರ್ 2ರಂದು ಸೇಲಂನಿಂದ ಬೇರೆಯಾಯಿತು. 1997ರಲ್ಲಿ ನಾಮಕ್ಕಲ್ ಸೇಲಂನಿಂದ, 2004ರ ಫೆಬ್ರುವರಿಯಲ್ಲಿ ಕೃಷ್ಣಗಿರಿ ಧರ್ಮಪುರಿಯಿಂದ ಹೊರಬಂದವು. ರೀಡ್ ನೆಲೆಸಿದ್ದ ತಿರುಪ್ಪತ್ತೂರು 2019ರಿಂದ ತಾನೇ ಒಂದು ಜಿಲ್ಲೆ. 2001ರ ಗಣತಿ ಪುಸ್ತಕದಲ್ಲಿ ಧರ್ಮಪುರಿಯ ಜನಸಂಖ್ಯೆ 28.56 ಲಕ್ಷ, 2011ರದ್ದರಲ್ಲಿ 15.07 ಲಕ್ಷ. ಎರಡನ್ನೂ ಪಕ್ಕಪಕ್ಕ ಇಟ್ಟವರಿಗೆ ಜಿಲ್ಲೆ ಅರ್ಧ ಖಾಲಿಯಾದಂತೆ ಕಾಣುತ್ತದೆ. ಈಗಿನ ಗಡಿಯೊಳಗೆ ಲೆಕ್ಕ ಹಾಕಿದರೆ 2001ರ ಸಂಖ್ಯೆ 12.95 ಲಕ್ಷ, ಹತ್ತು ವರ್ಷದಲ್ಲಿ ಶೇ 16ಕ್ಕೂ ಹೆಚ್ಚು ಏರಿಕೆ. ಯೋಜನೆಯ ಹಣ, ಪಡಿತರದ ಅಕ್ಕಿ, ಶಾಲೆಯ ಕೋಣೆ ಎಲ್ಲವೂ ಜನಸಂಖ್ಯೆಯ ಆಧಾರದಲ್ಲಿ ಹಂಚಿಕೆಯಾಗುವಾಗ ಇಂಥ ತಪ್ಪು ಜನರ ಬದುಕನ್ನೇ ತಟ್ಟುತ್ತದೆ. ಮುಂದಿನ ಜನಗಣತಿಯ ಆಧಾರ ದಿನಾಂಕ 2027ರ ಮಾರ್ಚ್ 1 ಎಂದು ಅಧಿಸೂಚನೆಯಾಗಿದೆ. ಹೊಸ ಸಂಖ್ಯೆ ಕೈಗೆ ಬರುವವರೆಗೆ 2011ರ ಅಂಕಿಗಳನ್ನು ಯಾವುದಕ್ಕೆ ಬಳಸಬಹುದು, ಯಾವುದಕ್ಕೆ ಬಳಸಲೇಬಾರದು ಎಂದು ಬರೆದು ತಿಳಿಸುವುದೂ ಇದೇ ಹುದ್ದೆಯ ಹೊಣೆ.

ಮೂರನೆಯದು ಆದ್ಯತೆ. ಉದಾಹರಣೆಗೆ, ಹೆಣ್ಣು ಶಿಶುಹತ್ಯೆ ತಡೆಯಲು 1992ರಲ್ಲಿ ತೊಟ್ಟಿಲ ಮಗು ಯೋಜನೆ ಶುರುವಾದದ್ದು ಸೇಲಂ ಜಿಲ್ಲೆಯಲ್ಲಿ. 2001ರ ಗಣತಿ ಅಲ್ಲಿ ಆರು ವರ್ಷದವರೆಗಿನ ಸಾವಿರ ಗಂಡುಮಕ್ಕಳಿಗೆ 851 ಹೆಣ್ಣುಮಕ್ಕಳನ್ನು ಕಂಡಿತು. 2011ರಲ್ಲಿ ಅದು 900 ದಾಟಿತು. ಹತ್ತು ವರ್ಷಕ್ಕೊಮ್ಮೆ ಬರುವ ಈ ಸಂಖ್ಯೆ ನೀತಿ ರೂಪಿಸುವವರಿಗೆ ಸಾಕು. ಮನೆ ಮನೆಗೆ ಹೋಗುವ ಗ್ರಾಮ ಆರೋಗ್ಯ ಸಹಾಯಕಿಗೆ ಬೇಕಾದದ್ದು ಈ ತಿಂಗಳ ಜನನ ನೋಂದಣಿ. ಕುಡಿಯುವ ನೀರಿನ ಫ್ಲೋರೈಡ್ ವಿಷಯವೂ ಹಾಗೆಯೇ. ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಒಪ್ಪಬಹುದಾದ ಮಿತಿ. ಬೇರೆ ಮೂಲವಿಲ್ಲದಾಗ 1.5 ಮಿಲಿಗ್ರಾಂವರೆಗೆ ಸೈರಿಸಬಹುದು. ಧರ್ಮಪುರಿ, ಕೃಷ್ಣಗಿರಿಗಳಿಗೆ ಕಾವೇರಿ ನೀರು ಕೊಡುವ, ಜಪಾನಿನ ಸಾಲದ ನೆರವು ಪಡೆದ ಹೊಗೇನಕಲ್ ಯೋಜನೆ 2013ರಲ್ಲಿ ಉದ್ಘಾಟನೆಯಾಯಿತು. ನಲ್ಲಿ ಬಂದ ಮೇಲೆ ಕೇಳಬೇಕಾದ ಪ್ರಶ್ನೆ ಎಷ್ಟು ಊರಿಗೆ ಪೈಪು ಹೋಯಿತು ಎಂಬುದೊಂದೇ ಅಲ್ಲ; ಯಾವ ಕೇರಿ ಇನ್ನೂ ಫ್ಲೋರೈಡ್ ಬೆರೆತ ಹಳೆಯ ಕೊಳವೆಬಾವಿಯ ನೀರನ್ನೇ ಕುಡಿಯುತ್ತಿದೆ, ಅಲ್ಲಿನ ಮಕ್ಕಳ ಹಲ್ಲು ಹೇಗಿದೆ ಎಂಬುದೂ ಹೌದು. ಮೊದಲನೆಯದನ್ನು ಗುತ್ತಿಗೆಯ ಕಡತ ಹೇಳುತ್ತದೆ. ಎರಡನೆಯದಕ್ಕೆ ನೀರು ಸರಬರಾಜು, ಆರೋಗ್ಯ, ಶಾಲಾ ಇಲಾಖೆಗಳು ಕೂಡಿ ಕೆಲಸ ಮಾಡಬೇಕು. ದನಿ ದೊಡ್ಡದಾದ ಬೇಡಿಕೆಗಿಂತ ಹಾನಿ ದೊಡ್ಡದಾದ ಬೇಡಿಕೆಯನ್ನು ಮುಂದೆ ಇಡುವ ಧೈರ್ಯ ಈ ಹುದ್ದೆಯಲ್ಲಿ ಕುಳಿತವರಿಗೆ ಬೇಕು.

ನಾಲ್ಕನೆಯದು, ಬೇರೆ ಬೇರೆ ಕಡತಗಳನ್ನು ಜೋಡಿಸುವ ಬೇಡಿಕೆಗೆ ಕಟ್ಟುಪಾಡು. ತಮಿಳುನಾಡಿನ ಕಲೈಞರ್ ಮಗಳಿರ್ ಉರಿಮೈ ತೊಗೈ ಯೋಜನೆಯ ಅರ್ಜಿ ಶಿಬಿರಗಳಿಗೆ ಮುಖ್ಯಮಂತ್ರಿ ಚಾಲನೆ ಕೊಟ್ಟದ್ದು 2023ರ ಜುಲೈ 24ರಂದು, ಧರ್ಮಪುರಿ ಜಿಲ್ಲೆಯ ತೊಪ್ಪೂರಿನಲ್ಲಿ. ಮಹಿಳೆಗೆ ತಿಂಗಳಿಗೆ 1,000 ರೂಪಾಯಿ ಸಿಗಬೇಕಾದರೆ ಕುಟುಂಬದ ವಾರ್ಷಿಕ ಆದಾಯ 2.5 ಲಕ್ಷ ರೂಪಾಯಿ, ಜಮೀನು 5 ಎಕರೆ ನೀರಾವರಿ ಅಥವಾ 10 ಎಕರೆ ಖುಷ್ಕಿ, ವಿದ್ಯುತ್ ಬಳಕೆ ವರ್ಷಕ್ಕೆ 3,600 ಯೂನಿಟ್ ಮೀರಬಾರದೆಂಬ ಷರತ್ತುಗಳಿದ್ದವು. ಇವುಗಳನ್ನು ಪರಿಶೀಲಿಸಲು ಪಡಿತರ, ಭೂದಾಖಲೆ, ವಿದ್ಯುತ್ ಬಿಲ್ ಎಲ್ಲವೂ ಒಂದು ಕುಟುಂಬದ ಹೆಸರಿನಡಿ ಕೂಡಬೇಕಾಗುತ್ತದೆ. ಪಾಲಾಗದ ಜಮೀನು ತೀರಿಹೋದ ಅಜ್ಜನ ಹೆಸರಿನಲ್ಲೇ ಇರುವ, ಒಂದೇ ಮೀಟರಿನಲ್ಲಿ ಮೂರು ಒಲೆ ಉರಿಯುವ ಮನೆಗಳಲ್ಲಿ ಜೋಡಣೆಯ ಸಣ್ಣ ತಪ್ಪು ಬಡ ಹೆಂಗಸಿನ ಅರ್ಜಿಯನ್ನು ತಿರಸ್ಕರಿಸಿಬಿಡಬಲ್ಲದು. ಆದ್ದರಿಂದ ಜೋಡಿಸುವ ಉದ್ದೇಶ ಬರವಣಿಗೆಯಲ್ಲಿರಬೇಕು, ಬೇಕಾದಷ್ಟನ್ನೇ ಪಡೆಯಬೇಕು, ತಿರಸ್ಕೃತರಿಗೆ ಯಾವ ಕಡತದ ಯಾವ ಅಂಶದಿಂದ ಹಾಗಾಯಿತೆಂದು ತಿಳಿಸಬೇಕು, ತಿದ್ದಲು ದಾರಿ ಇರಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ದೃಷ್ಟಿಯಲ್ಲಿ ಇವುಗಳಲ್ಲಿ ಹಲವು ಆಡಳಿತದ ಸೌಜನ್ಯವಷ್ಟೇ ಅಲ್ಲ, ಕರ್ತವ್ಯ.

ಐದನೆಯದು, ಕೇಳದೆ ಉಳಿದವರ ಬೇಡಿಕೆಯನ್ನು ಹುಡುಕುವುದು. ಸೇಲಂ ಸೀಮೆ ಮರಗೆಣಸಿಗೂ ಸಬ್ಬಕ್ಕಿಗೂ ಹೆಸರಾದದ್ದು. ಸಬ್ಬಕ್ಕಿ, ಪಿಷ್ಟ ತಯಾರಕರ ಸಹಕಾರ ಸಂಘ ಸಾಗೋಸರ್ವ್ 1981ರಿಂದ ಅಲ್ಲಿದೆ. ಮರಗೆಣಸು ನೆಲದಲ್ಲಿ ಹತ್ತು ತಿಂಗಳಷ್ಟು ಕಾಲ ನಿಲ್ಲುವ ಬೆಳೆ. ಈ ಸಲ ಎಷ್ಟು ವಿಸ್ತೀರ್ಣಕ್ಕೆ ನೆಟ್ಟಾಗಿದೆ ಎಂಬುದು ರೈತನಿಗೆ ನೆಡುವ ಮುಂಚೆ ತಿಳಿದರೆ ಪ್ರಯೋಜನ. ಬೆಳೆ ಮಾರಿ, ದರ ಕುಸಿದ ಮೇಲೆ ಬರುವ ವರದಿ ಅವನ ಪಾಲಿಗೆ ಇತಿಹಾಸ. ಅವನು ಯಾವ ನಮೂನೆಯಲ್ಲೂ ಬೇಡಿಕೆ ಸಲ್ಲಿಸಿರುವುದಿಲ್ಲ. ಈ ಜಿಲ್ಲೆಗಳಲ್ಲಿ ಮನೆಯಲ್ಲಿ ಕನ್ನಡ ಅಥವಾ ತೆಲುಗು ಆಡುವ ನೇಕಾರರು, ಬೇಸಾಯಗಾರರು ತಲೆತಲಾಂತರದಿಂದ ಇದ್ದಾರೆ; ಅವರಿಗೂ, ಬೆಟ್ಟದ ಊರುಗಳ ಬುಡಕಟ್ಟು ಜನರಿಗೂ ತಿಳಿಯುವ ಮಾತಿನಲ್ಲಿ ಉತ್ತರ ಹೋಗಬೇಕು. ಅಧಿಕೃತ ಅಂಕಿಅಂಶ ನಾಗರಿಕರಿಗೆ ಸಮಾನವಾಗಿ ಸಲ್ಲಬೇಕೆಂದು ಹೇಳುವ ವಿಶ್ವಸಂಸ್ಥೆಯ ಮೂಲಭೂತ ತತ್ವಗಳನ್ನು ಭಾರತ 2016ರಲ್ಲಿ ಅಂಗೀಕರಿಸಿದೆ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಬರುವ ಅರ್ಜಿಗಳನ್ನು ತೊಂದರೆಯೆಂದು ನೋಡದೆ ಬೇಡಿಕೆಯ ದಾಖಲೆಯಾಗಿ ಓದಿದರೆ, ಪದೇ ಪದೇ ಕೇಳುವ ಮಾಹಿತಿಯನ್ನು ಸ್ವಯಂಪ್ರೇರಿತವಾಗಿ ಪ್ರಕಟಿಸಬಹುದು. ಆ ಕಾಯ್ದೆಯ 4ನೇ ಸೆಕ್ಷನ್ ಬಯಸುವುದೂ ಅದನ್ನೇ.

ಇಷ್ಟೆಲ್ಲ ಹೊಣೆ ಹೊರಬೇಕಾದ ಹುದ್ದೆಗೆ ತಕ್ಕ ಅಧಿಕಾರವೂ ಬೇಕು. 2012ರ ರಾಷ್ಟ್ರೀಯ ದತ್ತಾಂಶ ಹಂಚಿಕೆ ನೀತಿ ಇಲಾಖೆಗೊಬ್ಬ ಹೊಣೆಗಾರ ಅಧಿಕಾರಿಯನ್ನು ಗುರುತಿಸಲು ಹೇಳಿತು; ತಮಿಳುನಾಡು 2022ರಲ್ಲಿ ತನ್ನದೇ ದತ್ತಾಂಶ ನೀತಿ ತಂದಿತು. ಇವುಗಳ ಒತ್ತು ಬಹುಪಾಲು ಒದಗಿಸುವ ಕಡೆಗಿದೆ. ಬೇಡಿಕೆಯ ಕಡೆಗೆ ಕನಿಷ್ಠ ಮೂರು ಅಧಿಕಾರ ಬೇಕು: ಉದ್ದೇಶ ಬರೆಯದ ಬೇಡಿಕೆಯನ್ನು ಹಿಂದಿರುಗಿಸುವುದು, ಇರುವ ಮಾಹಿತಿಯನ್ನೇ ಮತ್ತೆ ಕೇಳುವ ನಮೂನೆಯನ್ನು ನಿಲ್ಲಿಸುವುದು, ಪಡೆದ ಮಾಹಿತಿಯಿಂದ ಯಾವ ತೀರ್ಮಾನ ಆಯಿತೆಂದು ಕೇಳಿದ ಇಲಾಖೆಯಿಂದ ವರದಿ ಪಡೆಯುವುದು. ಸಂಖ್ಯಾಶಾಸ್ತ್ರ ಬಲ್ಲವರಾದರೆ ಸಾಲದು, ಕಂದಾಯ ಲೆಕ್ಕದ ವಾರ್ಷಿಕ ತನಿಖೆಯಾದ ಜಮಾಬಂದಿಯಲ್ಲಿ ಕುಳಿತು ಹಳ್ಳಿಯ ಲೆಕ್ಕ ಓದಿದ ಅನುಭವವೂ ಅವರಿಗೆ ಇರಬೇಕು.

ಈ ವಿಚಾರ ಸಂಕಿರಣದ ಗೋಷ್ಠಿಗಳ ಮುಂದಿರುವ ಪ್ರಶ್ನೆಗಳು ಇಲ್ಲಿಂದಲೇ ಹೊರಡುತ್ತವೆ. ಈ ಹುದ್ದೆ ಜಿಲ್ಲಾ ಮಟ್ಟದಲ್ಲಿ ಕಲೆಕ್ಟರ್ ಕೈಕೆಳಗೆ ಇರಬೇಕೇ, ಸಂಖ್ಯಾಶಾಸ್ತ್ರ ಇಲಾಖೆಯಲ್ಲಿರಬೇಕೇ? ಗಡಿ ಬದಲಾದ ಜಿಲ್ಲೆಗಳ ಹಳೆಯ ಅಂಕಿಗಳನ್ನು ಈಗಿನ ಗಡಿಗೆ ಹೊಂದಿಸಿ ಕೊಡುವ ಸೇವೆಯ ಖರ್ಚು ಯಾರದು? ನದಿ, ಕಾಡು, ಗುಳೆ ಹೋಗುವ ಕೂಲಿಕಾರರು ರಾಜ್ಯದ ಗಡಿ ದಾಟುವಾಗ ಕರ್ನಾಟಕ ಮತ್ತು ತಮಿಳುನಾಡಿನ ನಿರ್ವಾಹಕರು ಹೇಗೆ ಕೂಡಿ ಕೆಲಸ ಮಾಡಬೇಕು? ಕೇಳುವ ಶಕ್ತಿಯಿಲ್ಲದವರ ಪರವಾಗಿ ಬೇಡಿಕೆ ದಾಖಲಿಸುವ ಅಧಿಕಾರ ಯಾರಿಗಿರಬೇಕು? ಬಾರಾಮಹಲ್‌ನ ಅಳತೆಗಾರರು ಸರ್ಕಾರಕ್ಕೆ ಬೇಕಾದದ್ದನ್ನು ಶ್ರದ್ಧೆಯಿಂದ ಕೇಳಿದರು. ಅಷ್ಟೇ ಶ್ರದ್ಧೆಯಿಂದ ಜನರಿಗೆ ಬೇಕಾದದ್ದನ್ನು ಕೇಳುವ ಆಡಳಿತ ಕಟ್ಟುವುದು ಈ ಹುದ್ದೆಯ ಗುರಿ. ಅದಕ್ಕೆ ಬೇಕಾದ ನಿಯಮ, ತರಬೇತಿ ಮತ್ತು ಕಾರ್ಯವಿಧಾನಗಳನ್ನು ನಿರ್ದಿಷ್ಟವಾಗಿ ರೂಪಿಸಿ ಕೊಡುವುದು ಈ ಚರ್ಚೆಗಳ ಕೆಲಸ.