ಕುತ್ತಿಗೆ ನೋವು, ಲಕ್ವ ಮತ್ತು ನಾಲ್ಕೂವರೆ ಗಂಟೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)

ನಾನು ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸ ಮಾಡುವವನು, ಡಾಕ್ಟರಲ್ಲ. ಆದರೂ ಇವತ್ತು ಲಕ್ವದ ಬಗ್ಗೆ ಮಾತಾಡುತ್ತೇನೆ. ಏಕೆಂದರೆ 34ನೇ ವಯಸ್ಸಿನಲ್ಲಿ ಅದು ನನಗೇ ಆಯಿತು. ಬಿ.ಪಿ. ಇರಲಿಲ್ಲ, ಸಕ್ಕರೆ ಕಾಯಿಲೆ ಇರಲಿಲ್ಲ, ಬೀಡಿ-ಸಿಗರೇಟು ಮುಟ್ಟಿದವನೂ ಅಲ್ಲ.

ಕುತ್ತಿಗೆಯ ಎರಡೂ ಬದಿಯಲ್ಲಿ ಮಿದುಳಿಗೆ ರಕ್ತ ಒಯ್ಯುವ ದೊಡ್ಡ ನಾಳಗಳಿವೆ. ಅವಕ್ಕೆ ಕೆರೊಟಿಡ್ ಎನ್ನುತ್ತಾರೆ. ಹಳೇ ಪೈಪಿನ ಒಳಪದರ ಕಿತ್ತು ನೀರಿಗೆ ಅಡ್ಡ ಬರುವ ಹಾಗೆ, ಈ ನಾಳದ ಒಳಪದರವೂ ಹರಿಯಬಹುದು. ಆಗ ರಕ್ತ ನಾಳದ ಗೋಡೆಯೊಳಗೆ ನುಗ್ಗಿ ದಾರಿ ಕಿರಿದಾಗುತ್ತದೆ. ಅಲ್ಲಿ ಹೆಪ್ಪುಗಟ್ಟಿದ ಚೂರು ಮಿದುಳಿಗೆ ಹೋಗಿ ಸಿಕ್ಕಿಕೊಂಡರೆ ಲಕ್ವ. ಒಟ್ಟು ಲಕ್ವಗಳಲ್ಲಿ ಇದು ನೂರಕ್ಕೆ ಸುಮಾರು 2 ಮಾತ್ರ. ಆದರೆ 50 ವರ್ಷದೊಳಗಿನವರಲ್ಲಿ ಇದೊಂದು ಮುಖ್ಯ ಕಾರಣ.

ಅಪಘಾತ, ಕುತ್ತಿಗೆಗೆ ಬಿದ್ದ ಪೆಟ್ಟು, ಜೋರಾಗಿ ತಿರುಚುವುದು ಇದಕ್ಕೆ ಕಾರಣವಾಗಬಹುದು. ಕೆಲವರಲ್ಲಿ ಕಾರಣವೇ ಸಿಗುವುದಿಲ್ಲ, ನನಗೂ ಸಿಗಲಿಲ್ಲ. ಕ್ಷೌರದಂಗಡಿಯಲ್ಲಿ ಕುತ್ತಿಗೆ ತಿರುಗಿಸಿ ನೆಟಿಗೆ ತೆಗೆಸಿಕೊಂಡ ಬಳ್ಳಾರಿ ಕಡೆಯ ಯುವಕನೊಬ್ಬನಿಗೆ ಹೀಗಾದ ಸುದ್ದಿ 2024ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ಆ ಅಭ್ಯಾಸವಿದ್ದವರು ದಯವಿಟ್ಟು ಬಿಡಿ.

ನನಗೆ ಮೊದಲು ಎಡಗಡೆ ಕುತ್ತಿಗೆ ನೋವು, ಕಣ್ಣಿನ ಹಿಂದೆ ನೋವು. ಮರುದಿನ ನನ್ನ ಹೆಂಡತಿ, “ರೀ, ನಿಮ್ಮ ಎಡಗಣ್ಣಿನ ರೆಪ್ಪೆ ಇಳಿದಿದೆ” ಎಂದಳು. ಡಾಕ್ಟರ ಹತ್ತಿರ ಹೊರಡುವಷ್ಟರಲ್ಲಿ ಬಲಗೈಯಿಂದ ಲೋಟ ಜಾರಿತು, ಮಾತು ತೊದಲಿತು. ಅವಳು ಗಡಿಯಾರ ನೋಡಿ ಸಮಯ ಬರೆದುಕೊಂಡಳು. ಆಸ್ಪತ್ರೆಯಲ್ಲಿ ಕೇಳಿದ ಮೊದಲ ಪ್ರಶ್ನೆಯೇ ಅದು: “ಎಷ್ಟು ಗಂಟೆಗೆ ಶುರುವಾಯಿತು?”

ಮಿದುಳಿನಲ್ಲಿ ರಕ್ತಸ್ರಾವ ಇಲ್ಲವೆಂದು ಸಿ.ಟಿ. ಸ್ಕ್ಯಾನಿನಲ್ಲಿ ಖಚಿತವಾದ ಮೇಲೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟರು. ಅದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ದೊಡ್ಡ ನಾಳ ಮುಚ್ಚಿದ್ದರೆ ಸಣ್ಣ ನಳಿಕೆ ಹಾಕಿ ಹೆಪ್ಪನ್ನು ಎಳೆದು ತೆಗೆಯುತ್ತಾರೆ; ಆಯ್ದ ಕೆಲವರಿಗೆ ಇದನ್ನು 24 ಗಂಟೆಯವರೆಗೂ ಮಾಡಬಹುದು. ಆಮೇಲೆ ಹೆಪ್ಪುಗಟ್ಟದಂತೆ ಸಾಮಾನ್ಯವಾಗಿ 3ರಿಂದ 6 ತಿಂಗಳು ಮಾತ್ರೆ. ಹರಿದ ನಾಳ ಹೆಚ್ಚಿನವರಲ್ಲಿ ತಾನಾಗಿಯೇ ಕೂಡಿಕೊಳ್ಳುತ್ತದೆ. ಈ ಭಾಷಣವನ್ನು ನಾನು ಬಲಗೈಯಲ್ಲೇ ಬರೆದಿದ್ದೇನೆ.

ನೆನಪಿಡಿ. ಬಾಯಿ ಸೊಟ್ಟಗಾದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಕೂಡಲೇ 108ಕ್ಕೆ ಫೋನ್ ಮಾಡಿ. ಹತ್ತು ನಿಮಿಷದಲ್ಲಿ ಸರಿಹೋದರೂ ಆಸ್ಪತ್ರೆಗೆ ಹೋಗಿ. ನೀರು ಕುಡಿಸಬೇಡಿ. ಸ್ಕ್ಯಾನ್ ಆಗುವ ಮೊದಲು ಆಸ್ಪಿರಿನ್ ಕೊಡಬೇಡಿ. ನಾಟಿ ಔಷಧಿ ಹುಡುಕಿಕೊಂಡು ಹೊತ್ತು ಕಳೆಯಬೇಡಿ. ಹೊಸದಾಗಿ ಒಂದೇ ಕಡೆ ಕುತ್ತಿಗೆ ನೋವು ಬಂದು, ಅದೇ ಕಡೆಯ ರೆಪ್ಪೆ ಇಳಿದರೆ, ಕೈಕಾಲು ಚೆನ್ನಾಗಿದ್ದರೂ ಅವತ್ತೇ ಆಸ್ಪತ್ರೆ ಸೇರಿ.

ಕೊನೆಗೆ ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ಒಂದು ಮನವಿ. ಹಗಲೂ ರಾತ್ರಿ ಸ್ಕ್ಯಾನ್ ಮತ್ತು ಈ ಇಂಜೆಕ್ಷನ್ ಎರಡೂ ಸಿಗುವ ಆಸ್ಪತ್ರೆ ನಮ್ಮೂರಿಗೆ ಹತ್ತಿರದಲ್ಲಿ ಯಾವುದಿದೆ ಎಂದು ವಿಚಾರಿಸಿ, ಅದರ ಹೆಸರನ್ನೂ 108ನ್ನೂ ಶಾಲೆಯ ಕಾಂಪೌಂಡ್ ಗೋಡೆಯ ಮೇಲೆ ದೊಡ್ಡದಾಗಿ ಬರೆಸೋಣ. ಬಣ್ಣದ ಖರ್ಚು ನನ್ನದು.