ಶಿಶುವಿನ ನುಡಿಯೂ ಅಕ್ಷರವೂ



ವಚನವೆಂದರೆ ಮಾತು. 12ನೆಯ ಶತಮಾನದಲ್ಲಿ ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಸತ್ಯಕ್ಕ ಮೊದಲಾದ ಶರಣಶರಣೆಯರು ತಮ್ಮ ಅನುಭಾವವನ್ನು ಜನರಾಡುವ ಕನ್ನಡದಲ್ಲಿಯೇ ಹೇಳಿದರು. ಮಾತನ್ನು ಇಷ್ಟು ಗೌರವಿಸಿದ ಪರಂಪರೆಯವರು ತಮ್ಮ ಮನೆಯ ಶಿಶುವಿನ ಮಾತನ್ನು ಕಡೆಗಣಿಸಬಾರದು.

ಇಂದು ಎಷ್ಟೋ ಮನೆಗಳಲ್ಲಿ ಮೂರು ವರುಷದ ಕೂಸಿನ ಕೈಗೆ ಬಳಪವನ್ನಿತ್ತು ಅಕ್ಷರ ತಿದ್ದಿಸಲು ಅವಸರಪಡುವರು. ಕನ್ನಡದ ವರ್ಣಗಳು 49. 34 ವ್ಯಂಜನಗಳಿಗೆ 13 ಸ್ವರಗಳು ಕೂಡಿದರೆ ಕಾಗುಣಿತದ ರೂಪಗಳು 442 ಆಗುವುವು, ಒತ್ತಕ್ಷರಗಳು ಬೇರೆ. ಇವನ್ನೆಲ್ಲ ಕಲಿಯಲು ಕೆಲವು ವರುಷಗಳೇ ಬೇಕು. ಮಾತಿನ ಸಂಪತ್ತಿಲ್ಲದ ಮಗುವು ಅಕ್ಷರಗಳನ್ನು ಕೂಡಿಸಿ ಓದಿದರೂ ಅರ್ಥವನ್ನು ಕಾಣದು. ಹೊಲ, ಕಣ, ಮೊರ, ಕುಕ್ಕೆ ಎಂಬ ಮಾತುಗಳನ್ನು ಕೇಳಿ ಬಲ್ಲ ಮಗುವಿಗಾದರೋ, ಬರಹದಲ್ಲಿ ಅವು ಎದುರಾದಾಗ ಹಳೆಯ ಗೆಳೆಯರನ್ನು ಕಂಡಂತಾಗುವುದು.

ಆದುದರಿಂದ ಓದುಬರಹವರಿಯದ ತಾಯಿಯು ತನ್ನಿಂದ ಮಗುವಿಗೆ ವಿದ್ಯೆಯಿಲ್ಲವೆಂದು ಕೊರಗತಕ್ಕುದಿಲ್ಲ. ಆಕೆಯೇ ಮೊದಲ ಗುರು. ರೊಟ್ಟಿ ತಟ್ಟುವಾಗ ಹಿಟ್ಟು, ಹಂಚು, ಬೆಂಕಿಗಳ ಸಂಗತಿಯನ್ನು ಹೇಳಲಿ. ಮಗುವು ತೊದಲಿ ಕೇಳಿದ್ದಕ್ಕೆ ನಿಂತು ಉತ್ತರ ಕೊಡಲಿ. ಅಜ್ಜಿಯು ಕಥೆಯನ್ನು ನಡುವೆ ನಿಲ್ಲಿಸಿ “ಮುಂದೇನಾಯಿತು, ಮಗೂ?” ಎಂದು ಕೇಳಲಿ. ಒಗಟು, ಜೋಗುಳ, ಪ್ರಾಸದ ಹಾಡುಗಳಿಂದ ಕಿವಿಯು ಹದಗೊಳ್ಳುವುದು. “ಬ-ಸ-ವ” ಎಂದು ಮೂರು ಚಪ್ಪಾಳೆ ತಟ್ಟಿದ ಮಗುವಿಗೆ ಆ ಹೆಸರಿನ ಮೂರು ಅಕ್ಷರಗಳನ್ನು ಗುರುತಿಸುವುದು ಸುಲಭವಾಗುವುದು. ಮೊಬೈಲಿನ ಚಿತ್ರಗಳು ಮಾತನಾಡುವುವು ನಿಜ. ಆದರೆ ಮಗುವಿನ ಮುಖ ನೋಡಿ ಅದರ ತೊದಲಿಗೆ ತಕ್ಕ ಮರುಮಾತನ್ನು ಕೊಡಲಾರವು.

ಸರಕಾರವೂ ಈ ವಯಸ್ಸಿನ ಮಹತ್ತ್ವವನ್ನು ಮನಗಂಡಿದೆ. 1975ರ ಅಕ್ಟೋಬರ್ 2ರಂದು ಆರಂಭವಾದ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಗಳಲ್ಲಿ ಮೂರರಿಂದ ಆರು ವರುಷದ ಮಕ್ಕಳಿಗೆ ಆಹಾರದೊಡನೆ ಶಾಲಾಪೂರ್ವ ಶಿಕ್ಷಣವೂ ದೊರೆಯುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರರಿಂದ ಎಂಟು ವರುಷಗಳನ್ನು ವಿದ್ಯೆಯ ತಳಹದಿಯೆಂದು ಎಣಿಸಿ ಮನೆಮಾತಿಗೆ ಮನ್ನಣೆಯಿತ್ತಿದೆ. ಆದರೂ ಮನೆಯು ಮೌನವಾಗಿದ್ದರೆ ಅಂಗನವಾಡಿಯ ಕೆಲವು ಗಳಿಗೆಗಳು ಸಾಲವು.

ಮಠದಲ್ಲಿ ಅನ್ನದಾಸೋಹವೂ ಜ್ಞಾನದಾಸೋಹವೂ ನಡೆದುಬಂದಿವೆ. ಮನೆಯಲ್ಲಿ ನುಡಿಯ ದಾಸೋಹವು ನಡೆಯಲಿ. ದೀಪ ಹಚ್ಚಿದ ಮೇಲೆ ಅರ್ಧ ಗಳಿಗೆಯಾದರೂ ಹಿರಿಯರು ಮಗುವಿನೊಡನೆ ಕುಳಿತು ಹೇಳಲಿ, ಕೇಳಲಿ. ಇದಕ್ಕೆ ಹಣ ಬೇಡ, ಪಾಂಡಿತ್ಯ ಬೇಡ. ನುಡಿಯುಂಡು ಬೆಳೆದ ಮಗುವಿಗೆ ಅಕ್ಷರವು ಭಾರವಾಗದು.