ನೆಲ ಸಿಕ್ಕ ಮೇಲೆ ನೆರೆಹೊರೆ



ಸಿ.ವಿ. ರಾಮನ್ ನಗರದಲ್ಲಿ ಹೊರಗಿನಿಂದ ಬಂದು ನೆಲೆಸಿದವರು ಬಹಳ. ನೌಕರಿಗಾಗಿ ಬಂದವರಿಗೆ ಊರಿಗೆ ಮರಳುವ ದಾರಿ ತೆರೆದಿರುತ್ತದೆ. ನಿರಾಶ್ರಿತರಿಗೆ ಅದು ಮುಚ್ಚಿರುತ್ತದೆ. ಅಂಥವರು ಹೊಸ ನೆಲದಲ್ಲಿ ಬೇರು ಬಿಡುವುದು ಹೇಗೆ? ಬೈಲಕುಪ್ಪೆಯನ್ನು ನೋಡಿ.

1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಟಿಬೆಟನ್ನರೂ ಬಂದರು. ಹಿಮಾಲಯದ ತಪ್ಪಲಿನಲ್ಲಿ ರಸ್ತೆ ಕೂಲಿಯೇ ಹಲವರಿಗೆ ಗತಿಯಾಯಿತು. ಆಗ ಮೈಸೂರು ರಾಜ್ಯ ಸರ್ಕಾರ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಸುಮಾರು 3,000 ಎಕರೆ ಭೂಮಿ ಕೊಟ್ಟಿತು. 1960ರ ಕೊನೆಯಲ್ಲಿ ಬಂದ ಮೊದಲ ತಂಡಗಳು ಡೇರೆಗಳಲ್ಲಿದ್ದು ಕಾಡು ಕಡಿದವು. ಬಿಸಿಲು, ಆನೆಗಳ ಹಾವಳಿ ಎರಡನ್ನೂ ಸಹಿಸಿ ಮುಸುಕಿನ ಜೋಳ ಬೆಳೆದವು.

ನೆಲ ಸಿಕ್ಕ ಮಾತ್ರಕ್ಕೆ ಊರಾಗುವುದಿಲ್ಲ. ಅವರನ್ನು ಚದುರಿಸದೆ ಒಟ್ಟಿಗೆ ಇರಿಸಿದ್ದರಿಂದ ಭಾಷೆ, ಹಬ್ಬ, ಪೂಜೆ ಉಳಿದವು. ಸಹಕಾರ ಸಂಘ, ಶಾಲೆ, ಸೆರಾ ಮಠ ಎದ್ದವು. ಆದರೆ ಒಳಗಿನ ನಂಟಷ್ಟೇ ಸಾಲದು. ಸುತ್ತಲಿನ ಹಳ್ಳಿಯವರೊಡನೆ ಹೊಲದ ಕೆಲಸ, ಕುಶಾಲನಗರದ ಪೇಟೆಯ ವ್ಯವಹಾರ ಕನ್ನಡ ಕಲಿಸಿದವು. ಚಳಿಗಾಲದ ಸ್ವೆಟರ್ ವ್ಯಾಪಾರ ನಗರಗಳವರೆಗೆ ಪರಿಚಯ ಬೆಳೆಸಿತು.

ಕಾಗದದ ಮಾತು ಬೇರೆ. ನಿರಾಶ್ರಿತರ ಕುರಿತ 1951ರ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಇಲ್ಲಿ ಹುಟ್ಟಿದ ಟಿಬೆಟನ್ನರೂ ಹುಟ್ಟಿನಿಂದಲೇ ಪೌರರು ಎಂಬುದನ್ನು ಕರ್ನಾಟಕ ಹೈಕೋರ್ಟ್ ಎತ್ತಿಹಿಡಿದದ್ದು 2013ರಲ್ಲಿ. ಅಷ್ಟು ಹೊತ್ತಿಗೆ ಮೊದಲು ಬಂದವರಲ್ಲಿ ಅನೇಕರು ತೀರಿಹೋಗಿದ್ದರು. ಅರ್ಧ ಶತಮಾನ ಅವರನ್ನು ಹಿಡಿದು ನಿಲ್ಲಿಸಿದ್ದು ಕಾಗದವಲ್ಲ, ನೆರೆಹೊರೆ. ಹೊಸದಾಗಿ ಬಂದವರಿಗೆ ಸೂರು ಕೊಡುವುದು ಸರ್ಕಾರದ ಕೆಲಸ. ಹೆಸರು ಹಿಡಿದು ಕರೆಯುವುದು ಪಕ್ಕದ ಮನೆಯವರದು.